ಕರಗುತ್ತಿದ್ದ ಕೊಂಬುಗಳು

ಲ್ಯಾಪ್‌ಟಾಪ್‌ನ ಪರದೆ ಮತ್ತೆ ಬೆಳ್ಳಗಾಯಿತು. ಕ್ಷಣದ ಹಿಂದೆ ಅಲ್ಲಿ ಟಗರಿನ ಕೊಂಬುಗಳಿದ್ದವು. ಕೆಂಪು ಹಾಸಿನ ಮೇಲೆ ನಾಲ್ಕು, ನೀಲಿ ಹಾಸಿನ ಮೇಲೆ ನಾಲ್ಕು, ಒಂದಕ್ಕೊಂದು ಬೆನ್ನು ಕೊಟ್ಟು ಸುರುಳಿ ಸುತ್ತಿಕೊಂಡಿದ್ದವು. ಚಿನಾರಾ 'ಜಾಗ ಬಿಡು' ಎಂಬ ಗುಂಡಿಯನ್ನು ಒತ್ತಿದ್ದೇ ತಡ, ಹಾಲು ಉಕ್ಕಿ ಒಲೆ ಮುಚ್ಚಿದ ಹಾಗೆ ಎಲ್ಲ ಬಿಳಿ. ಮೇಲ್ತುದಿಯಲ್ಲಿ ಬೆಳಗಿನಿಂದ ಅವಳನ್ನು ಅಣಕಿಸುತ್ತಿದ್ದ ಸಾಲು: ಪ್ರತಿಕ್ರಿಯೆ ಇಲ್ಲ.

"ಹೋಯ್ತಾ?" ಎಂದಳು ಅತ್ತೆ ಸಾಬಿರಾ.

"ಹೋಯ್ತು ಅಪಾ."

"ಸತ್ತೋಯ್ತಾ, ಬರೀ ಮೂರ್ಛೆಯಾ?"

"ಮೂರ್ಛೆ."

"ಹಾಗಾದ್ರೆ ನೀರು ಚಿಮುಕಿಸು. ಲಾರಿಯವನು ಆಗ್ಲೇ ಚಕ್ರ ಒದ್ದು ನೋಡ್ತಿದ್ದಾನೆ."

ಅಂಗಳದಲ್ಲಿ ಲಾರಿ ನಿಂತಿತ್ತು. ಗುಡಾರದ ಕಂಬಗಳು, ಕಡಾಯಿಗಳು, ಹಿಟ್ಟಿನ ಚೀಲಗಳು, ಕಾಲು ಕಟ್ಟಿದ ಎರಡು ಕರುಗಳು ಒಂದೊಂದಾಗಿ ಮೇಲೇರುತ್ತಿದ್ದವು. ಬೆಟ್ಟಗಳ ನಡುವಿನ ಅತ್-ಬಾಶಿಯ ಅರ್ಧ ಊರು ಅಂದು ಬೇಸಿಗೆಯ ಹುಲ್ಲುಗಾವಲಿಗೆ ಹೊರಡುವುದಿತ್ತು. ಇಲ್ಲಿ ಸೇರಿದ್ದ, ಉಣ್ಣೆಹಾಸು ಹೊಲಿಯುವ ಹೆಂಗಸರ ಕೂಟವೂ ಅದೇ ಲಾರಿಯಲ್ಲಿ ಹೋಗುತ್ತದೆ. ಕತ್ತರಿಸಿದ ಉಣ್ಣೆಹಾಸುಗಳನ್ನು ಜೊತೆಗೆ ಒಯ್ದು ಬೇಸಿಗೆಯಿಡೀ ಅಲ್ಲಿ ಕೂತು ಹೊಲಿದರೆ, ಹಿಮ ಬೀಳುವ ಮುಂಚೆ ಕೊಂಬಿನ ಚಿತ್ತಾರದ ಒಂದು ದೊಡ್ಡ ನೆಲಹಾಸು, ಶಿರ್ದಾಕ್, ಕೆಳಗಿಳಿದು ಬರುತ್ತದೆ. ಇಂದು ಕತ್ತರಿಸದಿದ್ದರೆ ಇಲ್ಲ.

ಇಂದು ಕತ್ತರಿಸಲು ಕಂಪ್ಯೂಟರಲ್ಲದೆ ಬೇರೆ ದಾರಿಯೂ ಇತ್ತು. ಅದು ಬಾಗಿಲ ಬಳಿ ಚೂರಿ ಮಸೆಯುತ್ತಾ ಕೂತಿತ್ತು. ಗುಲ್ಸುನ್ ಗಟ್ಟಿ ಕೈಯವಳು, ಒಳ್ಳೆಯ ಮನಸ್ಸಿನವಳು. ಆದರೆ ಅವಳು ಕತ್ತರಿಸಿದ ಟಗರಿನ ಕೊಂಬು ಹಸುವಿನ ಕೊಂಬಿನ ಹಾಗೆ ಕಾಣುತ್ತಿತ್ತು. ಇಲ್ಲಿಯ ಕೊಂಬುಗಳನ್ನೆಲ್ಲ ಮುಂಚೆ ಕತ್ತರಿಸುತ್ತಿದ್ದವಳು ಸಾಬಿರಾ. ಈಗ ಅವಳ ಬೆರಳುಗಳು ಶುಂಠಿಯ ಗೆಣ್ಣುಗಳಂತೆ ಊದಿ ತಿರುಚಿಕೊಂಡಿದ್ದವು. ಚೂರಿಯ ಹಿಡಿ ಅವಳ ಮುಷ್ಟಿಯಲ್ಲಿ ನಿಲ್ಲುತ್ತಿರಲಿಲ್ಲ. ಮೌಸ್ ಮಾತ್ರ ಹೇಗೋ ನಿಂತಿತು. ಬೊಗಸೆಯಿಂದ ಮುಚ್ಚಿ, ಮೊಣಕೈಯಿಂದ ತಳ್ಳಿ, ತಿಂಗಳುಗಟ್ಟಲೆ ಬೈದುಕೊಳ್ಳುತ್ತಾ, ಸೊಸೆ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಸಾಬಿರಾ ಈ ಕೊಂಬುಗಳನ್ನು ಬರೆದಿದ್ದಳು. ಯಾರ ಮನೆಯ ನೆಲದ ಮೇಲೂ ಇಲ್ಲದ ಕೊಂಬು, ತುದಿಯಲ್ಲಿ ಒಂದು ಸಣ್ಣ ಹಿಂಜರಿಕೆ ಇರುವ ಕೊಂಬು. ಪ್ರೋಗ್ರಾಮು ಗೆರೆಯನ್ನು ಕತ್ತರಿಸುವ ಯಂತ್ರಕ್ಕೆ ಕಳಿಸಿದರೆ ಅದು ಸಾಬಿರಾಳ ಕೊಂಬಾಗಿಯೇ ಹುಟ್ಟುತ್ತದೆ. ಗುಲ್ಸುನ್ ಚೂರಿ ಇಟ್ಟರೆ ಗುಲ್ಸುನ್‌ಳದ್ದಾಗುತ್ತದೆ. ಆಮೇಲೆ ಸಾಬಿರಾ ಇನ್ನೆಂದೂ ಮೌಸ್ ಮುಟ್ಟುವುದಿಲ್ಲವೆಂದು ಚಿನಾರಾಳಿಗೆ ಗೊತ್ತಿತ್ತು. ಅತ್ತೆ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆ ಇದ್ದುದರಿಂದಲೇ ಗೊತ್ತಿತ್ತು.

ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಅವಳು 'ಮೇಜಿನವರು' ಗುಂಪನ್ನು ತೆರೆದಳು. ಜಗತ್ತೆಲ್ಲ ಫೋನಿಗಾಗಿ ಪ್ರೋಗ್ರಾಮು ಬರೆಯುವ ಕಾಲದಲ್ಲಿ ಇನ್ನೂ ಮೇಜಿನ ಮೇಲಿನ ಕಂಪ್ಯೂಟರಿಗೇ ಬರೆಯುವ ಹಠಮಾರಿಗಳ ಗುಂಪು ಅದು. ಒಬ್ಬರ ಮುಖ ಒಬ್ಬರು ಕಂಡವರಲ್ಲ, ಒಬ್ಬರ ತಪ್ಪುಗಳನ್ನು ಮಾತ್ರ ಇನ್ನೊಬ್ಬರು ಬಾಯಿಪಾಠ ಮಾಡಿಕೊಂಡಿದ್ದರು. ಅವಳು ಬೆಳಿಗ್ಗೆಯೇ ತನ್ನ ಕೋಡನ್ನು ಅಲ್ಲಿ ಹಾಕಿದ್ದಳು. ಈಗ ನೇರ ಕರೆ ಮಾಡಿ ಪರದೆಯನ್ನೂ ತೋರಿಸಿದಳು.

ಮೊದಲು ಬಂದದ್ದು ಬಿಶ್ಕೆಕ್‌ನ ಅಜತ್‌ನ ದನಿ. ಅವನ ದನಿ ಯಾವಾಗಲೂ ಮೊದಲೇ ಬರುತ್ತದೆ.

"ಚಿನಾರಾ ತಾಯಿ, ನಿನ್ನ ಪ್ರೋಗ್ರಾಮು ಸತ್ತಿಲ್ಲ ಕಣಮ್ಮ, ಕೆಲಸದಲ್ಲಿ ಮುಳುಗಿದೆ ಅಷ್ಟೆ. ಹೋಟ್ಲಲ್ಲಿ ಒಬ್ನೇ ಆಳು, ಅವನೇ ಅಡುಗೆಯೋನು ಅವನೇ ಬಡಿಸೋನು ಅನ್ಕೋ. ಒಳಗೆ ಈರುಳ್ಳಿ ಹೆಚ್ಚುತ್ತಾ ನಿಂತ್ಬಿಟ್ರೆ ಹೊರಗೆ ಕೂತೋರಿಗೆ ಚಹಾ ಕೊಡೋರ್ಯಾರು? ಲೆಕ್ಕಾನ ಬೇರೆ ಥ್ರೆಡ್‌ಗೆ ಹಾಕು. ಇನ್ನೊಬ್ಬ ಆಳಿಟ್ಕೋ. ಮುಗೀತು."

"ಇವ್ನಿಗೆ ನೆಗಡಿಯಾದ್ರೂ ಥ್ರೆಡ್ಡು, ಮದುವೆ ಮುರಿದ್ರೂ ಥ್ರೆಡ್ಡು," ಎಂದಳು ಅಲ್ಮಾತಿಯ ಜಿಬೆಕ್.

"ನನ್ನ ಮದುವೆ ಎಲ್ಲಿ ಮುರೀತು?"

"ಆಗೇ ಇಲ್ವಲ್ಲ ಪುಣ್ಯಾತ್ಮ, ಮುರಿಯೋದೆಲ್ಲಿಂದ ಬಂತು."

"ನನ್ನದೊಂದು ಪ್ರಶ್ನೆ," ಎಂದ ಖುಜಂದ್‌ನ ಫರ್ರುಖ್, ಮೆಲ್ಲಗೆ. ಅವನ ಮಾತು ಶುರುವಾಗುವುದೇ ಹಾಗೆ. "ಎಂಟೇ ಕೊಂಬು. ಅಷ್ಟಕ್ಕೆ ಅದು ಯಾಕೆ ಮುಳುಗ್ಬೇಕು? ಏನು ಅಂಥಾ ಈರುಳ್ಳಿ?"

"ಪ್ರಶ್ನೆ ಆಮೇಲೆ ಫರ್ರುಖ್, ಮೊದ್ಲು ಅವ್ಳ ಪ್ರೋಗ್ರಾಮು ಬದುಕಲಿ!" ಎಂದ ಅಜತ್.

"ಚಹಾ," ಎಂದಳು ಸಾಬಿರಾ ಹಿಂದಿನಿಂದ.

ಎದುರಿಗೆ ಸಿಡಿಲು ಬಡಿದರೂ ಸೊಸೆ ಚಹಾ ಹಾಕಬೇಕು. ಚಿನಾರಾ ಎದ್ದು ಎಲ್ಲರ ಬಟ್ಟಲಿಗೂ ಅರ್ಧರ್ಧ ಸುರಿದಳು. ತುಂಬಾ ಸುರಿದರೆ ಕುಡಿದು ಹೊರಡಿ ಎಂದ ಹಾಗೆ. ಕೆಟಲ್ಲನ್ನು ಕೆಳಗಿಡುವಷ್ಟರಲ್ಲಿ ಅವಳ ತಲೆಯಲ್ಲಿ ಅಜತ್‌ನ ಎರಡನೆಯ ಆಳು ಸೇರಿಕೊಂಡಿದ್ದ. ಕೂತು ಬರೆದಳು. ಲೆಕ್ಕ ಒಬ್ಬನಿಗೆ, ಚಿತ್ರ ಇನ್ನೊಬ್ಬನಿಗೆ. ಬೆರಳುಗಳು ಓಡಿದವು. ಪ್ರೋಗ್ರಾಮು ಮತ್ತೆ ಕಟ್ಟಿಕೊಂಡಿತು. ಕೊಂಬುಗಳು ಬಂದವು. 'ಜಾಗ ಬಿಡು' ಒತ್ತಿದಳು.

ಪರದೆ ಬೆಳ್ಳಗಾಗಲಿಲ್ಲ.

"ಬದುಕ್ತು!" ಎಂದು ಅಜತ್ ಕೂಗಿದ. "ಹೇಳ್ಲಿಲ್ವಾ? ಹೇಳ್ಲಿಲ್ವಾ ನಾನು?"

"ತಡಿಯೋ," ಎಂದಳು ಜಿಬೆಕ್. "ಅದೇನದು?"

ಕೆಂಪು ಹಾಸಿನ ಕೊಂಬು ಸಣ್ಣಗಾಗುತ್ತಿತ್ತು. ಮೊದಲು ಕಣ್ಣು ಮೋಸ ಮಾಡುತ್ತಿದೆ ಎನ್ನಿಸಿತು. ಆಮೇಲೆ ನೀಲಿಯದೂ ಸಣ್ಣಗಾಯಿತು. ಮತ್ತೆ ಕೆಂಪು. ಮತ್ತೆ ನೀಲಿ. ಕಾದ ಬಾಣಲೆಯಲ್ಲಿ ಬಿಟ್ಟ ಬೆಣ್ಣೆಯ ಉಂಡೆಗಳಂತೆ ಎಂಟೂ ಕೊಂಬುಗಳು ಸರಸರನೆ ಕರಗುತ್ತಾ, ಸುರುಳಿ ಬಿಚ್ಚಿ ಹುಳುವಾಗಿ, ಹುಳು ಮುದುಡಿ ಚುಕ್ಕೆಯಾಗಿ, ಚುಕ್ಕೆಯೂ ಇಲ್ಲವಾಯಿತು. ಬೋಳು ಕೆಂಪು, ಬೋಳು ನೀಲಿ.

ಗುಲ್ಸುನ್ ಚೂರಿಯನ್ನು ಕೈಯಲ್ಲಿ ಹಿಡಿದೇ ಓಡಿ ಬಂದಳು. "ಅಯ್ಯೋ, ಸಾಬಿರಾ ಅಕ್ಕಾ, ನಿಮ್ಮ ಟಗರನ್ನ ಇವ್ಳು ಕುರಿಮರಿ ಮಾಡಿ ಹೊಟ್ಟೆಯೊಳಗೇ ವಾಪಸ್ ಕಳಿಸಿದ್ಳಲ್ಲ!"

ಹೆಂಗಸರು ನಕ್ಕರು. ಸಾಬಿರಾ ನಗಲಿಲ್ಲ. ಖಾಲಿ ಪರದೆಯ ಮೇಲೆ ಊದಿದ ತೋರುಬೆರಳಿಟ್ಟು ಸವರಿದಳು. "ನನ್ನದು ಎಲ್ಲೋಯ್ತು?"

"ಇದೆ ಅಪಾ, ಭದ್ರವಾಗಿದೆ, ನೀವು ಬರೆದದ್ದನ್ನ ನಾನು ಮುಟ್ಟೋದಿಲ್ಲ," ಎಂದು ಚಿನಾರಾ ಗಡಬಡಿಸಿ ಮೂಲ ಚಿತ್ರವನ್ನು ತೆರೆದು ತೋರಿಸಿದಳು. ಇಡೀ ಬೆಳಿಗ್ಗೆ ಬಿಳಿ ಗೋಡೆಗೆ ತಲೆ ಚಚ್ಚಿಕೊಂಡಿದ್ದಳು. ಈಗ ಗೋಡೆಯಲ್ಲಿ ಬಿರುಕು ಬಿಟ್ಟು, ಒಳಗೆ ನಡೆಯುತ್ತಿದ್ದ ಹುಚ್ಚಾಟ ಕಣ್ಣಿಗೆ ಬಿದ್ದಿತ್ತು.

ಕರೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

"ಕೊನೆಯೇ ಇಲ್ಲದ ಸುತ್ತು!" ಎಂದಳು ಜಿಬೆಕ್. "ನೋಡು, ಕೆಂಪು ಬದಲಾದ್ರೆ ನೀಲಿಗೆ ಸುದ್ದಿ ಹೋಗುತ್ತೆ, ನೀಲಿ ಬದಲಾದ್ರೆ ಕೆಂಪಿಗೆ ಸುದ್ದಿ. ಇಬ್ರು ಓರಗಿತ್ತೀರು ಕಿವಿಗೆ ಬಾಯಿ ಇಟ್ಕೊಂಡು ಕೂತವ್ರೆ. ಮೊದ್ಲಿಂದ್ಲೂ ಹೀಗೇನಾ ಬರೆದಿದ್ದು?"

"ಮೊದ್ಲಿಂದ್ಲೂ. ಆಗ ಸರಿ ಇತ್ತು. ಎರಡೂ ಗೆರೆ ಒಂದೇ ಥರ ಆದ ಕೂಡ್ಲೆ ಸುಮ್ನಾಗ್ತಿದ್ವು. ನಿನ್ನೆ ಜಾಗ ಬಿಡೋದು ಸೇರಿಸಿದ್ಮೇಲೆ..."

"ಹತ್ತು ಸುತ್ತು ಆದ್ಮೇಲೆ ನಿಲ್ಲಿಸ್ಬಿಡು," ಎಂದ ಅಜತ್. "ಎಣಿಸು, ಕತ್ತು ಹಿಡಿದು ನಿಲ್ಸು."

"ಹತ್ತರಲ್ಲಿ ನಿಂತ್ರೆ ಕೊಂಬು ಹತ್ತು ಕೂದಲು ಸಣ್ಣಗಿರುತ್ತೆ. ಆಗ ಯಾವ ತೂತಲ್ಲಿ ಕೂರುತ್ತೆ ಅದು?" ಎಂದಳು ಚಿನಾರಾ.

"ನನ್ನದೊಂದು ಪ್ರಶ್ನೆ," ಎಂದ ಫರ್ರುಖ್.

ಈ ಸಲ ಯಾರೂ ಅವನನ್ನು ತಡೆಯಲಿಲ್ಲ.

"ನಮ್ಮ ಕಡೆ ಈ ಹಾಸು ಇಲ್ಲ. ನನಗೆ ಗೊತ್ತಾಗೋ ಹಾಗೆ ಹೇಳು. ಕೈಯಲ್ಲಿ ಹೇಗೆ ಮಾಡ್ತಾರೆ ಇದನ್ನ?"

ಚಿನಾರಾ ಅವಸರದಲ್ಲಿ ಹೇಳಿದಳು. ಕೆಂಪು ಹಾಸಿನ ಮೇಲೆ ನೀಲಿ ಹಾಸು ಇಟ್ಟು, ಎರಡನ್ನೂ ಒಂದೇ ಏಟಿಗೆ ಕತ್ತರಿಸುವುದು. ಆಮೇಲೆ ಅದಲು ಬದಲು. ಕೆಂಪಿನ ಕೊಂಬು ನೀಲಿಯ ತೂತಿಗೆ, ನೀಲಿಯ ಕೊಂಬು ಕೆಂಪಿನ ತೂತಿಗೆ. ಸೇರಿಸಿ ಹೊಲಿದು, ಹೊಲಿಗೆಯ ಮೇಲೆ ಹುರಿ ಕೂರಿಸುವುದು. ಯಂತ್ರದ ಅಲಗು ಎರಡು ಪದರಕ್ಕೆ ತೊದಲುತ್ತದೆ, ಅದಕ್ಕೆ ಒಂದೊಂದೇ ಹಾಸು ಬೇರೆ ಬೇರೆ ಕತ್ತರಿಸಬೇಕು. ಚೂರಿಯಾದರೆ ಅಂಚು ಮೆತ್ತಗೆ ಬಿರಿಯುತ್ತದೆ. ಯಂತ್ರದ ಅಂಚು ಗಟ್ಟಿ. ನಿನ್ನೆ ಪರೀಕ್ಷೆಗೆಂದು ಕತ್ತರಿಸಿದ ತುಂಡುಗಳು ಬಿಗಿಯಾಗಿ ಕೂತು ನಡುವೆ ಉಬ್ಬಿದವು. ಅದಕ್ಕೇ ಅತ್ತೆ, ಹುರಿಗೆ ಕೂದಲೆಳೆಯಷ್ಟು ಜಾಗ ಬಿಡು ಎಂದದ್ದು.

"ಸರಿ. ಒಂದು ಹಾಸು ಕತ್ತರಿಸಿದಾಗ ಕಸ ಎಷ್ಟು ಬೀಳುತ್ತೆ?"

"ಯಾವ ಕಸ?"

"ನೆಲಕ್ಕೆ ಬೀಳುತ್ತಲ್ಲ, ಚೂರು ಪಾರು."

"ಏನೂ ಬೀಳಲ್ಲ ಫರ್ರುಖ್. ಶಿರ್ದಾಕ್‌ನಲ್ಲಿ ಏನೂ ಬೀಳಲ್ಲ. ಅದೇ ಅದರ..." ಅವಳಿಗೆ ಇಷ್ಟು ಸಾಮಾನ್ಯ ವಿಷಯವನ್ನು ಹೇಳಬೇಕಾಗಿ ಬಂದದ್ದಕ್ಕೆ ನಗು ಬಂತು. "ಕೊಂಬೂ ಉಳಿಯುತ್ತೆ, ತೂತೂ ಉಳಿಯುತ್ತೆ. ಎರಡೂ ಬೇಕು. ಎಸೆಯೋಕೆ ಏನೂ ಇರಲ್ಲ."

"ಏನೂ ಬೀಳದೆ ಇದ್ರೆ, ಜಾಗ ಎಲ್ಲಿಂದ ಬರುತ್ತೆ?"

ಅಂಗಳದಲ್ಲಿ ಕರುವೊಂದು ಕೂಗಿತು.

ಚಿನಾರಾ ಮೇಜಿನ ಮೇಲಿದ್ದ ತಟ್ಟೆಯಿಂದ ರೊಟ್ಟಿಯೊಂದನ್ನು ಎತ್ತಿಕೊಂಡಳು. ಚಹಾ ಬಟ್ಟಲನ್ನು ಬೋರಲು ಹಾಕಿ ಅದರ ನಡುವೆ ಒತ್ತಿದಳು. ದುಂಡನೆಯ ತುಂಡು ಹೊರಬಂತು. ಇದು ಕೊಂಬು. ಇದು ತೂತು. ಎರಡಕ್ಕೂ ಅಂಚು ಒಂದೇ. ತುಂಡು ಸಣ್ಣದಾಗಲಿ ಎಂದು ಸಣ್ಣ ಬಟ್ಟಲು ಒತ್ತಿದರೆ ತೂತೂ ಸಣ್ಣದೇ. ಕೆಂಪಿನ ಕೊಂಬು ನೀಲಿಯ ತೂತಿಗಿಂತ ಒಂದು ಕೂದಲು ಸಣ್ಣಗಿರಬೇಕೆಂದು ಅವಳು ಬರೆದಿದ್ದಳು. ನೀಲಿಯ ಕೊಂಬು ಕೆಂಪಿನ ತೂತಿಗಿಂತ ಸಣ್ಣಗಿರಬೇಕೆಂದೂ ಬರೆದಿದ್ದಳು. ಕೆಂಪು ಸಣ್ಣಗಾದಾಗ ಅದರ ತೂತು ಸಣ್ಣಗಾಯಿತು, ಅದಕ್ಕೆ ಹೊಂದಲು ನೀಲಿ ಸಣ್ಣಗಾಯಿತು, ನೀಲಿಯ ತೂತೂ ಸಣ್ಣಗಾಯಿತು. ಪಾಪದ ಕಂಪ್ಯೂಟರು ಹೇಳಿದ್ದನ್ನೆಲ್ಲ ತಪ್ಪದೆ ಮಾಡಿತ್ತು. ಏನನ್ನೂ ಕಳೆದುಕೊಳ್ಳದೆ ಜಾಗ ಹುಟ್ಟಿಸು ಎಂದು ಅವಳು ಕೇಳಿದ್ದಳು. ಹುಟ್ಟಿದಾಗಿನಿಂದ ಏನೂ ಉದುರದ ಹಾಸುಗಳ ಮೇಲೆ ಮಲಗಿದವಳಿಗೆ, ಏನಾದರೂ ಉದುರಬೇಕು ಎಂಬುದು ತಲೆಗೇ ಹೊಳೆದಿರಲಿಲ್ಲ.

"ಎರಡು ಸಲ!" ಎಂದು ಅವಳು ಕೂಗಿದ ರಭಸಕ್ಕೆ ಗುಲ್ಸುನ್ ಹಿಂದಕ್ಕೆ ಹಾರಿದಳು. "ಅಲಗು ಎರಡು ಸಲ ಹೋಗ್ಬೇಕು! ಒಂದು ಗೆರೆ, ಅದರ ಒಳಗಡೆ ಒಂದ್ಸಲ, ಹೊರಗಡೆ ಒಂದ್ಸಲ. ನಡುವೆ ದಾರದ ಹಾಗೆ ಒಂದು ಪಟ್ಟಿ ಬೀಳುತ್ತೆ. ಕೊಂಬು ಸಣ್ಣಗಾಗುತ್ತೆ, ತೂತು ದೊಡ್ಡದಾಗುತ್ತೆ!"

"ಮತ್ತೆ ಗೆರೆ ಯಾರ್ದು?" ಎಂದಳು ಜಿಬೆಕ್. ಅವಳ ದನಿಯೂ ಏರಿತ್ತು. "ಕೆಂಪಿಂದಾ, ನೀಲಿಯದಾ?"

"ಯಾರದ್ದೂ ಅಲ್ಲ! ಚೂರಿಯದು! ಕೆಂಪು, ನೀಲಿ ಒಂದ್ರ ಜೊತೆ ಒಂದು ಮಾತೇ ಆಡಬಾರ್ದು. ಇಬ್ರೂ ಗೆರೆಯನ್ನ ಕೇಳ್ಲಿ!"

"ಓರಗಿತ್ತೀರ ಮಾತು ಬಂದ್!" ಎಂದ ಅಜತ್. "ಬರಿ, ಬರಿ, ನಾನು ನೋಡ್ತಿರ್ತೀನಿ. ಫರ್ರುಖ್, ನಿನ್ನ ಬಾಯಿಗೆ ಸಕ್ಕರೆ ಹಾಕ. ಬಿಶ್ಕೆಕ್‌ಗೆ ಬಾ, ಕುರಿ ಕಡೀತೀನಿ."

"ಹೋದ ವರ್ಷಾನೂ ಅಂದಿದ್ದೆ."

"ಕುರಿ ಬೆಳೀತಿದೆ ಕಣಯ್ಯ."

ಚಿನಾರಾ ಬರೆಯಲಿಲ್ಲ. ಮೊದಲು ತಿರುಗಿ ಅತ್ತೆಯನ್ನು ನೋಡಿದಳು. ಪಟ್ಟಿ ಬೀಳಬೇಕು. ಉಣ್ಣೆ ಹಾಳಾಗಬೇಕು. ಈ ಕೋಣೆಯಲ್ಲಿ ಅದನ್ನು ಬಾಯಿಬಿಟ್ಟು ಕೇಳಬೇಕಿತ್ತು. ಅಜತ್‌ನೂ ಜಿಬೆಕ್‌ಳೂ ಸಹಾಯ ಮಾಡಲಾಗದ ಜಾಗ ಇದು.

"ಅಪಾ, ನಿಮ್ಮ ಕೊಂಬು ಉಳೀಬೇಕಂದ್ರೆ ಸ್ವಲ್ಪ ಉಣ್ಣೆ ಉದುರಿಸ್ಬೇಕು. ದಾರದಷ್ಟು."

ಗುಲ್ಸುನ್ ಚೂರಿಯ ಅಂಚನ್ನು ಹೆಬ್ಬೆರಳಿಂದ ಮುಟ್ಟಿ ನೋಡುತ್ತಾ, "ನನ್ನ ಕೈಲಿ ಒಂದು ಎಳೆಯೂ ಬೀಳಲ್ಲ," ಎಂದಳು. ಚುಚ್ಚುವ ಉದ್ದೇಶ ಇರಲಿಲ್ಲ, ಇದ್ದದ್ದನ್ನು ಹೇಳಿದಳು.

ಸಾಬಿರಾ ಬಟ್ಟಲು ಕೆಳಗಿಟ್ಟಳು. "ನನ್ನಮ್ಮ ಆಗಿದ್ರೆ ನಿನ್ನ ಜುಟ್ಟು ಹಿಡಿದು ಹೊರಗೆ ಹಾಕ್ತಿದ್ಳು."

"ಗೊತ್ತು ಅಪಾ."

"ಅವ್ಳ ಕೈ ಸಾಯೋವರೆಗೂ ನೆಟ್ಟಗಿತ್ತು. ಅವ್ಳಿಗೇನು." ಸಾಬಿರಾ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಬೋರಲು ಹಾಕಿ, ಬೇರೆ ಯಾರದೋ ಕೈಗಳೆಂಬಂತೆ ನೋಡಿದಳು. ಆಮೇಲೆ ತಲೆ ಎತ್ತಿದಳು. "ಬೀಳ್ಲಿ. ಬೀಳೋದನ್ನ ಒಟ್ಟು ಮಾಡಿ ದಿಂಬಿಗೆ ತುಂಬಿಸ್ತೀನಿ. ಹಾಳಾಯ್ತು ಅಂತ ಯಾರಾದ್ರೂ ಅಂದ್ರೆ ಆ ದಿಂಬಲ್ಲೇ ಹೊಡೀತೀನಿ. ಬರಿ ನೀನು!"

ಚಿನಾರಾ ಬರೆದಳು. ಹೊರಗೆ ಲಾರಿಯವನು ಎಂಜಿನ್ ಶುರು ಮಾಡಿದ. ಗುಲ್ಸುನ್ ಬಾಗಿಲಿಗೆ ಹೋಗಿ, "ಆರಿಸೋ ಅದನ್ನ! ಒಳಗೆ ಹೆರಿಗೆ ಆಗ್ತಿದೆ!" ಎಂದು ಗದರಿ ಬಂದಳು. ಎಂಜಿನ್ ಆರಿತು. ಚಿನಾರಾ ಹಳೆಯದನ್ನು ಅಳಿಸಿದಳು. ಎರಡು ಗೆರೆ ಇದ್ದಲ್ಲಿ ಒಂದೇ ಗೆರೆ ಇಟ್ಟಳು. ಆ ಒಂದು ಗೆರೆಗೆ ಒಳದಾರಿ, ಹೊರದಾರಿ. ತಾನು ವರ್ಷವಿಡೀ ಕಟ್ಟಿದ ಗೋಜಲೆಲ್ಲ ಕಳಚಿ ಬೀಳುತ್ತಿದ್ದಂತೆ ಅವಳಿಗೆ ವಿಚಿತ್ರ ಉಲ್ಲಾಸವಾಯಿತು, ಬಿಗಿ ಬೂಟು ಕಳಚಿ ಹೊಳೆಯ ನೀರಿಗೆ ಕಾಲಿಟ್ಟ ಹಾಗೆ. ಒತ್ತಿದಳು.

ಕೊಂಬು ಮತ್ತೆ ಕರಗತೊಡಗಿತು.

"ಇಲ್ಲ!" ಎಂದಳು ಅವಳು. "ಇಲ್ಲ, ಇಲ್ಲ, ಇಲ್ಲ!"

"ಕೈ ತೆಗಿ, ಏನೂ ಮುಟ್ಬೇಡ," ಎಂದಳು ಜಿಬೆಕ್. "ಮೇಲಕ್ಕೆ ಹೋಗು. ಇನ್ನೂ ಮೇಲೆ. ಅಲ್ಲೇ. ಚಿತ್ರ ತೆರೆಯೋ ಜಾಗ ನೋಡು. ಹಳೇ ಸುದ್ದಿಗಾರ ಅಲ್ಲೇ ಕೂತವ್ನೆ. ಚಿತ್ರ ತೆರೆದಾಗ್ಲೆಲ್ಲ ಕೆಂಪಿನ ಸುದ್ದಿ ನೀಲಿಗೆ, ನೀಲಿಯ ಸುದ್ದಿ ಕೆಂಪಿಗೆ ಮುಟ್ಸೋಕೆ ಕಿವಿ ಜೋಡಿಸ್ತಾನೆ. ಅವ್ನನ್ನ ಒದ್ದೋಡಿಸು."

ಎರಡೇ ಸಾಲು. ಚಿನಾರಾ ಅವನ್ನು ಒದ್ದೋಡಿಸಿದಳು.

ಈ ಸಲ ಕೊಂಬು ಕದಲಲಿಲ್ಲ. ಸುತ್ತ ಒಂದು ತೆಳ್ಳನೆಯ ಬೆಳಕಿನ ಗೆರೆ ಮೂಡಿ ನಿಂತಿತು, ಅಷ್ಟೆ. ಎಂಟಕ್ಕೂ. ತುದಿಯ ಆ ಸಣ್ಣ ಹಿಂಜರಿಕೆಯ ಸುತ್ತಲೂ.

ಯಾರೂ ಕೂಗಲಿಲ್ಲ. ಕೂಗಿದರೆ ಅದು ಹೆದರಿ ಓಡಿಹೋದೀತು ಎಂಬಂತೆ ಎಲ್ಲರೂ ಪರದೆಯನ್ನೇ ನೋಡುತ್ತಾ ನಿಂತರು. ನಾಲ್ವರು ಹೆಂಗಸರು ಕೆಂಪು ಹಾಸನ್ನು ಯಂತ್ರದ ಹಲಗೆಯ ಮೇಲೆ ಹರಡಿ ಅಂಚು ಎಳೆದರು. ಚಿನಾರಾ ಗೆರೆಯನ್ನು ಕಳಿಸಿದಳು. ಅಲಗು ನಡುಗಿ ಕೆಳಗಿಳಿಯಿತು, ಜೇನುಹುಳದ ಹಾಗೆ ಗುಂಯ್‌ಗುಟ್ಟುತ್ತಾ ಹೊರಟಿತು. ಮೊದಲ ಸುರುಳಿಯನ್ನು ಸುತ್ತಿತು, ತುದಿಗೆ ಬಂದಿತು. ಅಲ್ಲಿ ಸಾಬಿರಾಳ ಕೈ ಹಿಂಜರಿದಲ್ಲೇ ತಾನೂ ಹಿಂಜರಿದು, ತಿರುಗಿತು. ಸಾಬಿರಾ ಅದರ ಜೊತೆಗೇ ಗಾಳಿಯಲ್ಲಿ ಭುಜ ತಿರುಗಿಸುತ್ತಿದ್ದಳು. ಅವಳಿಗೆ ಅದು ತಿಳಿದಿರಲಿಲ್ಲ. ಆಮೇಲೆ ನೀಲಿ. ಕೆಂಪು ದಾರ, ನೀಲಿ ದಾರ, ಎರಡೂ ಮೇಜಿನ ಅಂಚಿನಿಂದ ಇಳಿಬಿದ್ದವು.

ಗುಲ್ಸುನ್ ಚೂರಿಯನ್ನು ಬೂಟಿನೊಳಗೆ ಸಿಕ್ಕಿಸಿ, ಕೆಂಪು ಕೊಂಬನ್ನೆತ್ತಿ ನೀಲಿಯ ತೂತಿನಲ್ಲಿ ಇಟ್ಟಳು. ಕೂತಿತು. ಸುತ್ತ ಹುರಿಗಾಗುವಷ್ಟು ಕತ್ತಲ ಸಂದು. ಅಂಗೈಯಿಂದ ಒತ್ತಿ ಸವರಿದಳು. ಎಲ್ಲೂ ಉಬ್ಬಲಿಲ್ಲ.

"ಥೂ ಇದರ," ಎಂದಳು ಗುಲ್ಸುನ್, ಸಂತೋಷದಿಂದ. "ಇದು ಟಗರೇ."

ಆಗ ಕೂಗಿದರು. ಹೆಂಗಸರೂ, ಫೋನೊಳಗಿನವರೂ. ಅಜತ್ ಯಾವುದೋ ಪಾತ್ರೆ ಬಡಿಯುತ್ತಿದ್ದ. ಫರ್ರುಖ್ ಮಾತ್ರ, "ಫೋಟೋ ಕಳಿಸು, ನಮ್ಮಮ್ಮನಿಗೆ ತೋರಿಸ್ಬೇಕು," ಎಂದ.

ಹಾಸುಗಳನ್ನು ಸುತ್ತಿ ಲಾರಿಗೆ ಹಾಕಿದರು. ಚಿನಾರಾ ತನ್ನ ಗಂಟನ್ನು ಏರಿಸಿದಳು. ಮೇಲಿನ ಹುಲ್ಲುಗಾವಲಿನಲ್ಲಿ ಮಂದೆಯ ಜೊತೆ ಗಂಡ ಕಾಯುತ್ತಿದ್ದ. ಅತ್ತೆಗೆಂದು ಮುಂದಿನ ಸೀಟಿನ ಮೇಲೆ ಕಂಬಳಿ ಹಾಸಿ ತಿರುಗಿ ನೋಡಿದರೆ ಸಾಬಿರಾ ಬಾಗಿಲಲ್ಲೇ ನಿಂತಿದ್ದಳು.

"ಹತ್ತಿ ಅಪಾ."

"ನಾನು ಬರಲ್ಲ."

"ಏನು?"

"ಹುಟ್ಟಿದಾಗಿಂದ ಪ್ರತಿ ಬೇಸಿಗೆ ಹೋಗಿದೀನಿ. ಆ ಬೆಟ್ಟ ಎಲ್ಲೂ ಓಡೋಗಲ್ಲ. ನನ್ನ ತಲೇಲಿ ಇನ್ನೂ ಎಷ್ಟೊಂದು ಇವೆ, ಎರಡು ಚಳಿಗಾಲದಿಂದ ಒಳಗೇ ಕೊಳೀತಿವೆ. ನೀವು ಅಲ್ಲಿ ಹೊಲೀರಿ. ನಾನಿಲ್ಲಿ ಕತ್ತರಿಸಿ ಇಡ್ತೀನಿ. ಹಾಸು ಎತ್ತಿ ಹರಡೋಕೆ ಪಕ್ಕದ್ಮನೆಯವ್ರು ಇದಾರೆ."

"ಅದು ಮತ್ತೆ ನಿಂತೋದ್ರೆ? ನಾನಲ್ಲಿ, ನೀವಿಲ್ಲಿ..."

"ನೀನು ಯಾರನ್ನ ಕೇಳ್ತಿದ್ದೆ? ಆ ಮಕ್ಕಳನ್ನೇ ನಾನೂ ಕೇಳ್ತೀನಿ. ನನ್ನ ಫೋನಲ್ಲೂ ಅವ್ರನ್ನ ಕೂರಿಸು."

ಚಿನಾರಾ ಅತ್ತೆಯ ಫೋನು ತೆಗೆದುಕೊಂಡು, ನಿಂತ ನಿಲುವಿನಲ್ಲೇ 'ಮೇಜಿನವರು' ಗುಂಪಿಗೆ ಸಾಬಿರಾಳನ್ನು ಸೇರಿಸಿದಳು. ಗುಂಪು ಕಟ್ಟಿದಾಗಿನಿಂದ ಒಂದು ಸಾಲು ಕೋಡೂ ಬರೆಯದ ಮೊದಲ ಸದಸ್ಯೆ.

ಲಾರಿ ಊರು ದಾಟಿ ಹೊಳೆಯ ಪಕ್ಕ ಏರು ಹಿಡಿಯಿತು. ಚಿನಾರಾ ಹಾಸಿನ ಸುರುಳಿಗೆ ಒರಗಿ ಕೂತಿದ್ದಳು. ಕರುವಿನ ಬಿಸಿ ಉಸಿರು ಅವಳ ಮೊಣಕೈಗೆ ತಾಗುತ್ತಿತ್ತು. ಫೋನಿನಲ್ಲಿ ಸಿಗ್ನಲ್ಲಿನ ಕಡ್ಡಿಗಳು ಕಡಿಮೆಯಾಗುತ್ತಿದ್ದವು. ಕೊನೆಯ ಕಡ್ಡಿ ಇನ್ನೂ ಇದ್ದಾಗಲೇ ಅದು ಟಣ್ ಎಂದಿತು. ಗುಂಪಿನ ಕರೆಯಲ್ಲಿ ಅತ್ತೆಯ ದನಿ, ಫೋನನ್ನು ಬಾಯಿಗೆ ತೀರಾ ಹತ್ತಿರ ಹಿಡಿದ ದನಿ:

"ಮಕ್ಕಳೇ, ಸಾಬಿರಾ ಅಪಾ ಮಾತಾಡ್ತಿರೋದು. ಊಟ ಆಯ್ತಾ ಎಲ್ರದ್ದೂ? ನನ್ನದು ಈ ಸಲದ ಕೊಂಬು ಯಂತ್ರದ ಹಲಗೆಗಿಂತ ದೊಡ್ಡದು. ಸಣ್ಣದು ಮಾಡು ಅನ್ಬೇಡಿ, ಮಾಡಲ್ಲ. ಬೇರೆ ಏನಾದ್ರೂ ಹೇಳಿ."

"ಅಪಾ, ಅದನ್ನ ಬೇರೆ ಥ್ರೆಡ್..." ಎಂದು ಅಜತ್ ಶುರು ಮಾಡಿದ.

"ಬಾಯ್ಮುಚ್ಚು ಅಜತ್," ಎಂದಳು ಜಿಬೆಕ್. "ಅಪಾ, ತುಂಡು ತುಂಡಾಗಿ ಕತ್ತರಿಸೋಣ, ಮೊದಲು ನೀವು..."

"ನನ್ನದೊಂದು ಪ್ರಶ್ನೆ," ಎಂದ ಫರ್ರುಖ್.

ಲಾರಿ ತಿರುವು ತೆಗೆದುಕೊಂಡಿತು. ಕೊನೆಯ ಕಡ್ಡಿಯೂ ಹೋಯಿತು. ಏನು ಪ್ರಶ್ನೆ ಎಂದು ಚಿನಾರಾಳಿಗೆ ಗೊತ್ತಾಗಲಿಲ್ಲ. ಅವಳು ಎದ್ದು ಕ್ಯಾಬಿನ್ನಿನ ತಗಡನ್ನು ಮುಷ್ಟಿಯಿಂದ ಗುದ್ದತೊಡಗಿದಳು.

"ನಿಲ್ಸೋ! ಸ್ವಲ್ಪ ಹಿಂದಕ್ಕೆ ತಗೊಳ್ಳೋ! ಆ ತಿರುವಿನವರೆಗೆ ಮಾತ್ರ, ಮಾರಾಯ, ಆ ತಿರುವಿನವರೆಗೆ!"